ರತ್ನಕರಂಡಕ: ಅಲಂಕೃತ ಪೆಟ್ಟಿಗೆಯ ಚರಿತ್ರೆ ಮತ್ತು ಗೃಹಸ್ಥನ ಅಳತೆ

ಗೃಹಸ್ಥರ ಆಚಾರವನ್ನು ತಿಳಿಸಲು ಆಚಾರ್ಯ ಸಮಂತಭದ್ರರು ರಚಿಸಿದ ಗ್ರಂಥ ಕೇವಲ 150 ಶ್ಲೋಕಗಳದು. ಅದರ ಹೆಸರು 'ರತ್ನಕರಂಡಕ'. ಕರಂಡಕವೆಂದರೆ ಮುಚ್ಚಳವುಳ್ಳ ಚಿಕ್ಕ ಪೆಟ್ಟಿಗೆ. ರತ್ನಗಳನ್ನು ಇಡಲು ತಕ್ಕಂತೆ ಅಂದವಾಗಿ ಮಾಡಿದ ಪೆಟ್ಟಿಗೆ. ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರಗಳೆಂಬ ಮೂರು ರತ್ನಗಳು ಇದರೊಳಗಿವೆ ಎಂಬುದು ಆ ಹೆಸರಿನ ಭಾವ. ಪಿಂಛಿ, ಕಮಂಡಲು ಮತ್ತು ಶಾಸ್ತ್ರಗಳ ಹೊರತು ಬೇರೇನನ್ನೂ ಇಟ್ಟುಕೊಳ್ಳದ ದಿಗಂಬರ ಮುನಿಯೊಬ್ಬರು ತಮ್ಮ ಗ್ರಂಥಕ್ಕೆ ಶ್ರೀಮಂತರ ಮನೆಯ ಒಡವೆಪೆಟ್ಟಿಗೆಯ ಹೆಸರನ್ನು ಇಟ್ಟುದು ವಿಚಾರಾರ್ಹವಾಗಿದೆ. ಕೇಳುವವನು ಗೃಹಸ್ಥ, ಅವನಿಗೆ ಪೆಟ್ಟಿಗೆಯ ಮೇಲಿರುವ ಮಮತೆ ಎಷ್ಟೆಂಬುದನ್ನು ಆಚಾರ್ಯರು ಅರಿತಿದ್ದರು. ಅವನ ಕೈಯಲ್ಲಿರುವ ವಸ್ತುವಿನಿಂದಲೇ ಅವನಿಗೆ ಧರ್ಮವನ್ನು ತಿಳಿಸಲು ಅವರು ಹೊರಟರು.

ಅದೇ ಗ್ರಂಥದಲ್ಲಿ ಪರಿಗ್ರಹಪರಿಮಾಣವ್ರತಕ್ಕೆ ಐದು ಅತಿಚಾರಗಳನ್ನು ಹೇಳಲಾಗಿದೆ. ಅವು ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ ಮತ್ತು ಅತಿಭಾರವಹನ. ಇವುಗಳಲ್ಲಿ ಎರಡು ಪೆಟ್ಟಿಗೆಯ ಚರಿತ್ರೆಗೆ ನೇರವಾಗಿ ಸಂಬಂಧಿಸಿವೆ. ಅತಿಸಂಗ್ರಹವೆಂದರೆ ಬೇಕಾದುದಕ್ಕಿಂತ ಹೆಚ್ಚು ಕೂಡಿಡುವುದು. ವಿಸ್ಮಯವೆಂದರೆ ಇತರರ ಸಂಪತ್ತನ್ನೋ ಲಾಭವನ್ನೋ ಕಂಡು ಬೆರಗಾಗಿ ತನ್ನ ಮನಸ್ಸನ್ನು ಕದಡಿಕೊಳ್ಳುವುದು. ಅಲಂಕೃತವಾದ ಪೆಟ್ಟಿಗೆ ಮನೆಯಲ್ಲಿ ಮಾಡುವ ಕೆಲಸಗಳೂ ಎರಡೇ: ಒಳಗೆ ಇಡುವುದು, ಹೊರಗೆ ತೋರುವುದು. ಇಡುವುದು ಮಿತಿಮೀರಿದರೆ ಅತಿಸಂಗ್ರಹ. ತೋರುವುದು ಮಿತಿಮೀರಿದರೆ ನೋಡುವವರಲ್ಲಿ ವಿಸ್ಮಯ. ಈ ಎರಡು ಅಳತೆಗೋಲುಗಳನ್ನು ಹಿಡಿದು ಕನ್ನಡ ನಾಡಿನ, ಅದರಲ್ಲಿಯೂ ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ, ಪೆಟ್ಟಿಗೆಯ ಕಥೆಯನ್ನು ಅವಲೋಕಿಸಿದರೆ ಅನೇಕ ಸಂಗತಿಗಳು ತಿಳಿದುಬರುತ್ತವೆ.

ಹೆಸರುಗಳಲ್ಲಿ ಉಳಿದ ಚರಿತ್ರೆ

ಕರಂಡಕ ಎಂಬ ಸಂಸ್ಕೃತ ಪದದ ಬಳಗದಿಂದಲೇ ಕನ್ನಡದ 'ಕರಡಿಗೆ' ಬಂದಿದೆ. ಕಲಬುರಗಿ ಸೀಮೆಯ ಲಿಂಗಾಯತ ಮನೆತನಗಳಲ್ಲಿ ಇಷ್ಟಲಿಂಗವನ್ನು ಇರಿಸಿ ಧರಿಸುವ ಬೆಳ್ಳಿಯ ಪುಟ್ಟ ಸಂಪುಟಕ್ಕೆ ಇಂದಿಗೂ ಕರಡಿಗೆ ಎಂದೇ ಹೆಸರು. ಸಮಂತಭದ್ರರ ಶ್ರಾವಕಾಚಾರದ ಹೆಸರಿನಲ್ಲಿ ನಿಂತ ಪದವೇ ಶರಣರ ನಾಡಿನಲ್ಲಿ ಎದೆಯ ಮೇಲಿನ ಕರಡಿಗೆಯಾಗಿ ಬಾಳಿತು. ಎರಡು ಪರಂಪರೆಗಳ ತತ್ತ್ವಗಳು ಬೇರೆಯಾದರೂ ಪದದ ಬಳಕೆಯಲ್ಲಿ ಒಂದು ಸಾಮ್ಯವಿದೆ. ಎರಡರಲ್ಲಿಯೂ ಪೆಟ್ಟಿಗೆಗೆ ಬೆಲೆ ಬಂದುದು ಒಳಗಿರುವ ವಸ್ತುವಿನಿಂದ.

ಇನ್ನುಳಿದ ಹೆಸರುಗಳೂ ತಮ್ಮ ತಮ್ಮ ಕಾಲವನ್ನು ಸೂಚಿಸುತ್ತವೆ. ಮಂಜೂಷ, ಸಂಪುಟಗಳು ಗ್ರಂಥಭಾಷೆಯವು. ಕುಂಕುಮವನ್ನಿಡುವ ಭರಣಿ, ಬಟ್ಟೆಬರೆಗಳನ್ನಿಡುವ ಪೆಟಾರಿ ಮನೆಮಾತಿನವು. ಬಹಮನಿ ಸುಲ್ತಾನರ ಮತ್ತು ಅನಂತರ ನಿಜಾಮರ ಆಳ್ವಿಕೆಯಲ್ಲಿ ಪಾರಸಿ, ಉರ್ದು ಭಾಷೆಗಳ ಸಂಪರ್ಕದಿಂದ ಸಂದೂಕ, ಪಾನದಾನ, ಅತ್ತರದಾನಗಳು ಈ ಭಾಗದ ಕನ್ನಡದಲ್ಲಿ ಬೆರೆತವು. 1874ರಲ್ಲಿ ಸಿಕಂದರಾಬಾದಿನಿಂದ ವಾಡಿಯವರೆಗೆ ರೈಲುಮಾರ್ಗ ತೆರೆಯಿತು. ರೈಲಿನ ಪ್ರಯಾಣ ಬೆಳೆದಂತೆ ತಗಡಿನ ಟ್ರಂಕು ಮನೆಮನೆಗೆ ಬಂದಿತು.

ಶಹಾಬಾದಿನ ಕಲ್ಲು ಹಾಸಿದ ಹಳೆಯ ಮನೆಗಳಲ್ಲಿ ದಪ್ಪ ಗೋಡೆಯೊಳಗೆ ಬಿಟ್ಟ ಗೂಡುಗಳೇ ದಿನಬಳಕೆಯ ಸಾಮಾನುಗಳ ಸ್ಥಾನ. ದೀಪಕ್ಕೆ ಒಂದು ಗೂಡು, ನಿತ್ಯದ ಪಾತ್ರೆಗೆ ಒಂದು ಗೂಡು. ಪೆಟ್ಟಿಗೆಯೊಳಗೆ ಸೇರುತ್ತಿದ್ದುದು ಆಯ್ದ ಕೆಲವು ವಸ್ತುಗಳು ಮಾತ್ರ: ಒಡವೆ, ಮದುವೆಯ ಸೀರೆ, ಹೊಲದ ಕಾಗದಪತ್ರ, ಓಲೆಗರಿಯ ಕಟ್ಟು. ಪೆಟ್ಟಿಗೆಗಳು ಕಡಿಮೆಯಿದ್ದುದರಿಂದ ಯಾವ ಪೆಟ್ಟಿಗೆಯಲ್ಲಿ ಏನಿದೆಯೆಂಬುದು ಮನೆಯ ಹಿರಿಯರಿಗೆ ಬಾಯಿಪಾಠವಾಗಿರುತ್ತಿತ್ತು. ಇಲ್ಲಿ ಅಳತೆಯನ್ನು ವಿಧಿಸಿದುದು ವ್ರತವೋ ಬಡತನವೋ ಎಂದು ಕೇಳಬಹುದು. ಬಹುಪಾಲು ಬಡತನವೇ. ಇಲ್ಲದುದರಿಂದ ಬಂದ ಮಿತಿ ವ್ರತವೆನಿಸಲಾರದು. ಇದ್ದೂ ಅಳತೆಯನ್ನು ಮೀರದಿರುವುದೇ ವ್ರತ. ಆದುದರಿಂದ ಈ ಧರ್ಮದ ನಿಜವಾದ ಪರೀಕ್ಷೆಯನ್ನು ಸಂಪತ್ತು ತುಂಬಿ ತುಳುಕಿದ ಕಡೆಯಲ್ಲಿ ನೋಡಬೇಕು. ಅಂತಹ ಸ್ಥಳ ಸೇಡಂ ತಾಲೂಕಿನಲ್ಲಿಯೇ ಇದೆ.

ಮಳಖೇಡದ ಭಂಡಾರ

ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಸುಲೈಮಾನನೆಂಬ ವರ್ತಕನ ಹೆಸರಿನಲ್ಲಿ ಪ್ರಸಿದ್ಧವಾಗಿರುವ 851ರ ಅರಬ್ಬೀ ಬರಹವು ಇಲ್ಲಿಯ ಅರಸನನ್ನು 'ಬಲ್ಹರಾ' ಎಂದು ಕರೆದು, ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿತು. ಆಗ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ಇಂತಹ ಅರಸನ ಭಂಡಾರದಲ್ಲಿ ಪೆಟ್ಟಿಗೆಗಳಿಗೂ ಅವುಗಳೊಳಗಿನ ರತ್ನಗಳಿಗೂ ಕೊರತೆಯಿದ್ದಿರಲಾರದು. ಆದರೆ ಅದೇ ಅರಸನ ಹೆಸರಿನಲ್ಲಿ 'ಪ್ರಶ್ನೋತ್ತರರತ್ನಮಾಲಿಕೆ' ಎಂಬ ಕಿರುಗ್ರಂಥವೊಂದು ಪರಂಪರೆಯಲ್ಲಿ ಉಳಿದುಬಂದಿದೆ. ಟಿಬೆಟ್ಟಿನ ಭಾಷೆಗೂ ಅದು ಅನುವಾದಗೊಂಡಿತು. ಭಂಡಾರದ ರತ್ನಗಳಲ್ಲಿ ಯಾವುದಕ್ಕೂ ಇಷ್ಟು ದೂರದ ಪಯಣವೂ ಇಷ್ಟು ದೀರ್ಘವಾದ ಆಯುಷ್ಯವೂ ಒದಗಿದಂತೆ ಕಾಣುವುದಿಲ್ಲ.

ಆ ಭಂಡಾರದ ಗತಿ ಏನಾಯಿತೆಂಬುದು ಚರಿತ್ರೆಯಲ್ಲಿ ನಿಶ್ಚಿತವಾಗಿದೆ. 972ರಲ್ಲಿ ಮಾಳವದ ಪರಮಾರ ಅರಸ ಸೀಯಕನ ಸೇನೆ ಮಾನ್ಯಖೇಟವನ್ನು ಸೂರೆಗೊಂಡಿತು. ಧಾರಾನಗರದ ಕವಿ ಧನಪಾಲನು ತನ್ನ ತಂಗಿಗಾಗಿ ರಚಿಸಿದ 'ಪಾಇಯಲಚ್ಛೀ' ಎಂಬ ಪ್ರಾಕೃತ ನಿಘಂಟು ಮುಗಿದುದು ಈ ಸೂರೆ ನಡೆದ ವರ್ಷದಲ್ಲಿಯೇ ಎಂದು ಅವನೇ ತಿಳಿಸಿದ್ದಾನೆ. ಮರುವರ್ಷವೇ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿದನು. ತಲೆಮಾರುಗಳಿಂದ ಕೂಡಿಟ್ಟುದು ಒಂದೇ ಯುದ್ಧಕ್ಕೆ ಬರಿದಾಯಿತು.

ಆದರೆ ಮಾನ್ಯಖೇಟದಲ್ಲಿ ಹುಟ್ಟಿದ ಎಲ್ಲವೂ ಸೂರೆಯಾಗಲಿಲ್ಲ. 965ರಲ್ಲಿ ಅಲ್ಲಿಯೇ ಮುಗಿದ ಪುಷ್ಪದಂತ ಕವಿಯ ಅಪಭ್ರಂಶ ಮಹಾಪುರಾಣ ಉಳಿಯಿತು. ಮೂರನೆಯ ಕೃಷ್ಣನ ಆಸ್ಥಾನದಲ್ಲಿದ್ದ ಪೊನ್ನನ ಶಾಂತಿಪುರಾಣ ಉಳಿಯಿತು. ಶಾಂತಿಪುರಾಣ ಉಳಿದ ಬಗೆ ವಿಶೇಷವಾಗಿ ಗಮನಾರ್ಹವಾದುದು. ದಾನಚಿಂತಾಮಣಿಯೆನಿಸಿದ ಅತ್ತಿಮಬ್ಬೆ ಅದರ 1000 ಪ್ರತಿಗಳನ್ನು ಓಲೆಗರಿಗಳಲ್ಲಿ ಬರೆಯಿಸಿ ಹಂಚಿದಳು. 1500 ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನು ಈ ಮಹಾಸತಿಯ ಆಶ್ರಯದಲ್ಲಿದ್ದವನು.

ಅತ್ತಿಮಬ್ಬೆಯ ಮನೆಯಲ್ಲಿಯೂ ಪೆಟ್ಟಿಗೆಗಳಿದ್ದವು. ಅವು ತುಂಬಿಯೂ ಇದ್ದವು. ಅವಳು ದಾರಿದ್ರ್ಯವನ್ನು ಆಯ್ದುಕೊಂಡವಳಲ್ಲ. ಒಂದು ಕಾವ್ಯದ ಒಂದು ಪ್ರತಿಯನ್ನು ಚಿನ್ನದ ಮಂಜೂಷದಲ್ಲಿರಿಸಿ ಪೂಜಿಸುವುದು ಅವಳಿಗೆ ಸುಲಭವಾಗಿತ್ತು. ಅದರ ಬದಲು ಆ ಕಾವ್ಯವನ್ನು ಸಾವಿರ ಮನೆಗಳ ಪೆಟ್ಟಿಗೆಗಳಿಗೆ ಕಳುಹಿಸಿದಳು. ಒಂದೆಡೆ ಕೂಡಿಟ್ಟ ರಾಜಭಂಡಾರ ಒಂದು ದಾಳಿಯಲ್ಲಿ ಹೋಯಿತು. ಹಂಚಿಹೋದ ಕಾವ್ಯ ಸಾವಿರ ವರ್ಷ ಬಾಳಿತು. ಮಳಖೇಡದ ನೇಮಿನಾಥ ಬಸದಿಯಲ್ಲಿ ಇಂದಿಗೂ 96 ಬಿಂಬಗಳುಳ್ಳ ಪಂಚಲೋಹದ ಚಿಕ್ಕ ಚೈತ್ಯವೊಂದಿದೆ. ರಾಜಧಾನಿಯ ವೈಭವವನ್ನು ಹುಡುಕಿ ಹೋದವರಿಗೆ ಬಿದ್ದ ಕೋಟೆಯ ನಡುವೆ ಕಾಣಸಿಗುವುದು ಇಂತಹ, ಯಾರೂ ತಮ್ಮದೆಂದು ಹೇಳಿಕೊಳ್ಳದ ವಸ್ತುಗಳೇ.

ಬಿದರಿಯ ಡಬ್ಬಿಗಳು

ಚಿಂಚೋಳಿಯಿಂದ ಉತ್ತರಕ್ಕೆ ಸಾಗಿದರೆ ಬೀದರ. 15ನೆಯ ಶತಮಾನದಲ್ಲಿ ಬಹಮನಿ ಅರಸರು ತಮ್ಮ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದರು. ಆ ನಗರದ ಹೆಸರನ್ನು ಹೊತ್ತ ಬಿದರಿ ಕಲೆ ಈ ಸೀಮೆಯ ಅಲಂಕೃತ ಪೆಟ್ಟಿಗೆಗಳಿಗೆ ಒಂದು ಹೊಸ ರೂಪವನ್ನಿತ್ತಿತು.

ಬಿದರಿಯ ವಸ್ತುವಿನಲ್ಲಿ ಬಹುಪಾಲು ಸತು, ಅಲ್ಪಪಾಲು ತಾಮ್ರ. ಸಾಮಾನ್ಯವಾಗಿ ಹದಿನಾರು ಭಾಗ ಸತುವಿಗೆ ಒಂದು ಭಾಗ ತಾಮ್ರ. ಹರಳೆಣ್ಣೆ ಮತ್ತು ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಇದನ್ನು ಎರಕ ಹೊಯ್ದು, ಮೇಲ್ಮೈಯನ್ನು ಅರದಿಂದ ಉಜ್ಜಿ ನಯಗೊಳಿಸಿ, ಮೈಲುತುತ್ತದ ದ್ರಾವಣವನ್ನು ಸವರುತ್ತಾರೆ. ಆಗ ಮೂಡುವ ತಾತ್ಕಾಲಿಕ ಕಪ್ಪಿನ ಮೇಲೆ ಚೂಪಾದ ಮೊನೆಯಿಂದ ಬಳ್ಳಿ, ಹೂವು, ಎಲೆಗಳ ಚಿತ್ತಾರವನ್ನು ಗೀಚಿ, ಉಳಿಯಿಂದ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಬಡಿಯುತ್ತಾರೆ. ಕೊನೆಯಲ್ಲಿ ಬೀದರ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರವನ್ನು ನೀರಿನಲ್ಲಿ ಕಲಸಿ ಕಾಯಿಸಿದ ದ್ರಾವಣದಿಂದ ಉಪಚರಿಸಿದಾಗ ಸತುವಿನ ಮೇಲ್ಮೈ ಶಾಶ್ವತವಾಗಿ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಎಣ್ಣೆ ಸವರಿ ಉಜ್ಜಿದರೆ ಕಪ್ಪು ಇನ್ನೂ ಗಾಢವಾಗುತ್ತದೆ. ಮಳೆ ಬಿಸಿಲು ತಾಗದೆ ನೂರಾರು ವರ್ಷ ಕೋಟೆಯೊಳಗೆ ಉಳಿದ ಮಣ್ಣೇ ಬೇಕೆಂದು ಕುಶಲಕರ್ಮಿಗಳು ಹೇಳುತ್ತಾರೆ; ಅದನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಆರಿಸುವುದೂ ಉಂಟು.

ಈ ಕಲೆಯಲ್ಲಿ ಮಾಡುತ್ತಿದ್ದ ಹುಕ್ಕಾದ ಬುಡ, ಹೂಜಿ, ಪಾನದಾನ, ಡಬ್ಬಿಗಳೆಲ್ಲವೂ ಮೊದಲಿಗೆ ಬಳಕೆಯ ವಸ್ತುಗಳು. ಪಾನದಾನದಲ್ಲಿ ಎಲೆ, ಅಡಿಕೆ, ಸುಣ್ಣ, ಲವಂಗಗಳಿಗೆ ಬೇರೆ ಬೇರೆ ಸ್ಥಾನಗಳಿದ್ದವು. ಬಂದ ಅತಿಥಿಯ ಮುಂದೆ ಅದನ್ನು ತೆರೆದಿಡುವುದು ಸತ್ಕಾರದ ಅಂಗ. ಅಲಂಕಾರವಿದ್ದುದು ಮುಚ್ಚಳದ ಮೇಲಾದರೂ ಅತಿಥಿಗೆ ಸಂತೋಷ ದೊರೆಯುತ್ತಿದ್ದುದು ಮುಚ್ಚಳ ತೆರೆದಾಗ. ಇಲ್ಲಿ ತೋರುವುದು ಮತ್ತು ಕೊಡುವುದು ಒಂದೇ ಕ್ರಿಯೆಯಾಗಿದ್ದುವು.

1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಬಿದರಿಯ ವಸ್ತುಗಳೂ ಇದ್ದವು. ಅಂತಹ ಪ್ರದರ್ಶನಗಳಿಂದ ಅವು ವಸ್ತುಸಂಗ್ರಹಾಲಯಗಳ ಗಾಜಿನ ಕಪಾಟುಗಳಿಗೂ ದೂರದ ದೇಶಗಳ ಬೈಠಕ್ಕಿನ ಕೋಣೆಗಳಿಗೂ ಹೋದವು. ಅಲ್ಲಿ ಪಾನದಾನಕ್ಕೆ ಎಲೆಯೂ ಇಲ್ಲ, ಅಡಿಕೆಯೂ ಇಲ್ಲ. ನಾಡಿನೊಳಗೂ ಹುಕ್ಕಾ ಮರೆಯಾಯಿತು, ತಾಂಬೂಲದ ರೂಢಿ ಕಡಿಮೆಯಾಯಿತು. ಹೀಗೆ ಬಳಕೆ ಹೋಗಿ ನೋಟ ಮಾತ್ರ ಉಳಿದ ಪೆಟ್ಟಿಗೆ ಸಿದ್ಧವಾಯಿತು. ಇಂದು ಬಿದರಿಯ ಡಬ್ಬಿ ಒಡವೆಗೋ, ಸ್ಮರಣಿಕೆಗೋ, ಅಥವಾ ಏನನ್ನೂ ಇಡದೆ ಷೋಕೇಸಿನಲ್ಲಿ ಇರಿಸಲಿಕ್ಕೋ ಮಾರಾಟವಾಗುತ್ತದೆ.

ಇದನ್ನು ಕೇವಲ ಅವನತಿಯೆಂದು ಹೇಳಿ ಮುಗಿಸುವುದು ಅನ್ಯಾಯವಾದೀತು. 2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. 2023ರಲ್ಲಿ ಬೀದರಿನ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿದೆ. ಈ ಡಬ್ಬಿಗಳನ್ನು ಕೊಳ್ಳುವವರಿಲ್ಲದಿದ್ದರೆ ಉಳಿ ಹಿಡಿದ ಕೈಗಳಿಗೆ ಕೆಲಸವಿಲ್ಲ. ಅಪರಿಗ್ರಹದ ಹೆಸರಿನಲ್ಲಿ ಕುಶಲಕರ್ಮಿಯ ಅನ್ನವನ್ನು ಕಸಿಯಲಾಗದು. ಆದುದರಿಂದ ಕೊಳ್ಳಬೇಕೋ ಬೇಡವೋ ಎಂಬುದಕ್ಕಿಂತ, ಕೊಂಡ ಪೆಟ್ಟಿಗೆಯನ್ನು ಹೇಗೆ ಬಾಳಿಸಬೇಕು ಎಂಬುದು ಹೆಚ್ಚು ಸೂಕ್ತವಾದ ಪ್ರಶ್ನೆ. ಒಂದನ್ನು ಕೊಂಡು ತಲೆಮಾರುಗಳವರೆಗೆ ಬಳಸುವ ಮನೆ ಕಲೆಯನ್ನೂ ವ್ರತವನ್ನೂ ಒಟ್ಟಿಗೆ ಉಳಿಸುತ್ತದೆ.

ಪೆಟ್ಟಿಗೆ ಯಾವುದರಿಂದ ಆಯಿತು

ಅತಿಸಂಗ್ರಹ, ವಿಸ್ಮಯಗಳ ಜೊತೆಗೆ ಮೂರನೆಯದೊಂದು ವಿಚಾರವೂ ಇದೆ. ಅದು ಪೆಟ್ಟಿಗೆಯ ದ್ರವ್ಯಕ್ಕೆ ಸಂಬಂಧಿಸಿದುದು. ಶ್ರಾವಕನು ಮಾಡಬಾರದ ಹದಿನೈದು ಕ್ರೂರವೃತ್ತಿಗಳ ಪಟ್ಟಿಯೊಂದು ಜೈನಶಾಸ್ತ್ರಗಳಲ್ಲಿ ಬರುತ್ತದೆ. ಶ್ವೇತಾಂಬರ ಪರಂಪರೆಯಲ್ಲಿ ಅದು ಪ್ರಾಚೀನವಾದುದು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಅದರ ವಿವರಣೆಯಿದೆ. ದಿಗಂಬರರಲ್ಲಿ 13ನೆಯ ಶತಮಾನದ ಪಂಡಿತ ಆಶಾಧರನು ಸಾಗಾರಧರ್ಮಾಮೃತದಲ್ಲಿ ಅದನ್ನು ಪ್ರಸ್ತಾಪಿಸಿದ್ದಾನೆ. ಆ ಪಟ್ಟಿಯಲ್ಲಿ ದಂತವಾಣಿಜ್ಯ, ಲಾಕ್ಷಾವಾಣಿಜ್ಯಗಳೆಂಬ ಎರಡು ಹೆಸರುಗಳಿವೆ. ದಂತವೆಂದರೆ ಆನೆಯ ದಂತ. ಲಾಕ್ಷಾ ಎಂದರೆ ಅರಗು. ಅಲಂಕೃತ ಪೆಟ್ಟಿಗೆಗಳ ಚರಿತ್ರೆಯಲ್ಲಿ ಈ ಎರಡು ದ್ರವ್ಯಗಳಿಗೂ ಪ್ರಮುಖ ಸ್ಥಾನವಿದೆ.

ಮೈಸೂರಿನ ಕುಶಲಕರ್ಮಿಗಳು ಬೀಟೆಮರದ ಹಲಗೆಯಲ್ಲಿ ಕೊರೆದು ದಂತದ ತುಣುಕುಗಳನ್ನು ಕೂರಿಸಿ ಮಾಡುತ್ತಿದ್ದ ಪೆಟ್ಟಿಗೆಗಳು ಜಗತ್ಪ್ರಸಿದ್ಧವಾಗಿದ್ದವು. 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಅಂಬಾವಿಲಾಸದಲ್ಲಿರುವ ದಂತಖಚಿತ ಬಾಗಿಲು ಅದೇ ಕಲೆಯ ನಿದರ್ಶನ. ಆ ಬಿಳಿಯ ಹೂಬಳ್ಳಿಯ ಅಂದವನ್ನು ಅಲ್ಲಗಳೆಯಲಾಗದು. ಅದರ ಹಿಂದೆ ಪಂಚೇಂದ್ರಿಯ ಜೀವಿಯೊಂದರ ದೇಹವಿದೆಯೆಂಬುದನ್ನೂ ಮರೆಯಲಾಗದು. ಶಾಸ್ತ್ರಕಾರರು ದಂತವಾಣಿಜ್ಯವನ್ನು ನಿಷೇಧಿಸಲು ಕಾರಣ ಸರಳವಾದುದು: ಕೊಳ್ಳುವವನಿದ್ದಾನೆಂದು ತಿಳಿದರೆ ಕೊಲ್ಲುವವನು ಕಾಡಿಗೆ ಹೋಗುತ್ತಾನೆ. ಕೊಂದವನು ಬೇರೆ, ಕೊಂಡವನು ಬೇರೆ ಎಂಬ ಸಮಾಧಾನಕ್ಕೆ ಅಲ್ಲಿ ಎಡೆಯಿಲ್ಲ.

ಶಾಸ್ತ್ರಕಾರರ ಈ ತರ್ಕವನ್ನು ಜಗತ್ತಿನ ಕಾನೂನು ಅಂಗೀಕರಿಸಲು 20ನೆಯ ಶತಮಾನದ ಕೊನೆಯ ಭಾಗ ಬರಬೇಕಾಯಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 1977ರಲ್ಲಿ ಆನೆಯನ್ನು ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. 1986ರ ತಿದ್ದುಪಡಿ ಭಾರತೀಯ ದಂತದ ವ್ಯಾಪಾರವನ್ನು ನಿಷೇಧಿಸಿತು. ಆಗಲೂ ಆಫ್ರಿಕದ ದಂತದ ದಾರಿ ತೆರೆದಿತ್ತು. 1989ರಲ್ಲಿ ಆಫ್ರಿಕದ ಆನೆಗೂ ಅಂತರರಾಷ್ಟ್ರೀಯ ಒಪ್ಪಂದದ ರಕ್ಷಣೆ ದೊರೆಯಿತು; 1991ರ ತಿದ್ದುಪಡಿಯಿಂದ ಭಾರತದಲ್ಲಿ ಆ ದಂತದ ವ್ಯಾಪಾರವೂ ಮುಚ್ಚಿತು. ಮೈಸೂರಿನ ಕುಶಲಕರ್ಮಿಗಳು ದಂತವನ್ನು ಬಿಟ್ಟು ಬಣ್ಣಬಣ್ಣದ ಮರದ ತುಣುಕುಗಳಿಂದಲೂ ಪ್ಲಾಸ್ಟಿಕ್ಕಿನಿಂದಲೂ ಚಿತ್ತಾರವನ್ನು ಮುಂದುವರಿಸಿದರು. ಕಲೆ ಸಾಯಲಿಲ್ಲ. ದಂತವಿಲ್ಲದೆ ಈ ಕಲೆಯಿಲ್ಲವೆಂಬ ಮಾತು ಹೀಗೆ ಸುಳ್ಳಾಯಿತು.

ಅರಗಿನ ವಿಷಯ ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಬೀಳುವುದಿಲ್ಲ. ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಮಾಡುವ ಭರಣಿ, ಡಬ್ಬಿ, ಬೊಂಬೆಗಳ ಮೇಲಿನ ಹೊಳಪಾದ ಬಣ್ಣ ಅರಗಿನದು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೆ ಅದು ಕರಗಿ ಅಂಟಿಕೊಳ್ಳುತ್ತದೆ. ಅರಗು ಮರದ ಅಂಟಲ್ಲ. ರೆಂಬೆಗಳ ಮೇಲೆ ಗುಂಪಾಗಿ ನೆಲಸುವ ಸಣ್ಣ ಕೀಟಗಳು ಸ್ರವಿಸುವ ಕವಚ ಅದು. ರೆಂಬೆಗಳನ್ನು ಕಡಿದು, ಕವಚವನ್ನು ಕೆರೆದು, ಕುಟ್ಟಿ ತೊಳೆಯುವಾಗ ಅದರೊಳಗಿನ ಅಸಂಖ್ಯ ಜೀವಿಗಳು ನಾಶವಾಗುತ್ತವೆ. ಆನೆಯ ಸಾವನ್ನು ಕಂಡು ಮರುಗುವ ಮನಸ್ಸು ಈ ಸಣ್ಣ ಸಾವುಗಳನ್ನು ಕಾಣುವುದಿಲ್ಲ. ಶಾಸ್ತ್ರಕಾರರು ಇವೆರಡನ್ನೂ ಒಂದೇ ಪಟ್ಟಿಯಲ್ಲಿಟ್ಟುದು ಅವರ ದೃಷ್ಟಿಯ ಸೂಕ್ಷ್ಮತೆಗೆ ಸಾಕ್ಷಿ.

ಸೊರಬ, ಸಾಗರಗಳ ಗುಡಿಗಾರರು ಕೆತ್ತುವ ಗಂಧದ ಪೆಟ್ಟಿಗೆಗಳಲ್ಲಿ ದಂತವೂ ಇಲ್ಲ, ಅರಗೂ ಇಲ್ಲ. ಆದರೆ ಪರಿಮಳ ಬೇರಿನಲ್ಲಿಯೂ ತುಂಬಿರುವುದರಿಂದ ಗಂಧದ ಮರವನ್ನು ಬುಡಸಹಿತ ಕೀಳುತ್ತಾರೆ. ಈ ಮರ ಇಂದು ಕಾಡಿನಲ್ಲಿ ವಿರಳವಾಗಿದೆ. ಚಿಂಚೋಳಿಯ ಕಾಡಿನಲ್ಲಿ ಗಂಧ ಮತ್ತು ರಕ್ತಚಂದನದ ಮರಗಳಿವೆ. ನಡುವೆ ಚಂದ್ರಂಪಳ್ಳಿಯ ಜಲಾಶಯವಿರುವ ಸುಮಾರು 135 ಚದರ ಕಿಲೋಮೀಟರು ವಿಸ್ತಾರದ ಆ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಲೋಹವನ್ನು ಅಗೆದು ತೆಗೆಯುವುದರಲ್ಲಿಯೂ ಪೃಥ್ವೀಕಾಯಿಕ ಜೀವಿಗಳಿಗೆ ಬಾಧೆಯಿದೆಯೆಂದು ಆಗಮಗಳು ಹೇಳುತ್ತವೆ. ಹಾಗಾದರೆ ಯಾವ ಪೆಟ್ಟಿಗೆಯೂ ಸರ್ವಥಾ ನಿರ್ದೋಷವಲ್ಲ. ಗೃಹಸ್ಥನಿಂದ ಸ್ಥಾವರಹಿಂಸೆಯನ್ನು ಪೂರ್ತಿಯಾಗಿ ಬಿಡಿಸುವುದು ಅಸಾಧ್ಯವೆಂದು ಅರಿತೇ ಆಚಾರ್ಯರು ಅಣುವ್ರತಗಳನ್ನು ವಿಧಿಸಿದರು. ತ್ರಸಜೀವಿಗಳ ಘಾತದಿಂದಾದುದನ್ನು ಬಿಡುವುದು, ಉಳಿದುದರಲ್ಲಿ ಅಳತೆಯನ್ನು ಕಾಯುವುದು, ಇವು ಅವನಿಗೆ ಸಾಧ್ಯವಾದುವು.

ಮುಚ್ಚಿದ ಪೆಟ್ಟಿಗೆಯೊಳಗಿನ ಶ್ರುತ

ಪೆಟ್ಟಿಗೆಯಲ್ಲಿರುವುದು ಚಿನ್ನವಾದರೆ ಮಮತೆಯನ್ನು ಗುರುತಿಸುವುದು ಸುಲಭ. ಪೆಟ್ಟಿಗೆಯಲ್ಲಿರುವುದು ಶಾಸ್ತ್ರವೇ ಆಗಿದ್ದರೆ? ಈ ಕಠಿನವಾದ ಪ್ರಶ್ನೆಗೆ ಉತ್ತರವನ್ನು ಮೂಡಬಿದಿರೆಯ ಚರಿತ್ರೆಯಲ್ಲಿ ಹುಡುಕಬೇಕು. ಆ ಕಥೆಯ ಮೂಲವೂ ಮಾನ್ಯಖೇಟದ ಕಾಲದಲ್ಲಿಯೇ ಇದೆ. ಪುಷ್ಪದಂತ, ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ 72,000 ಗ್ರಂಥಪ್ರಮಾಣದ ಧವಲಾ ಟೀಕೆ 816ರಲ್ಲಿ ಮುಗಿಯಿತು. ಅವರೇ ಆರಂಭಿಸಿದ್ದ ಜಯಧವಲೆಯನ್ನು ಶಿಷ್ಯ ಜಿನಸೇನಾಚಾರ್ಯರು ಅಮೋಘವರ್ಷನ ಆಳ್ವಿಕೆಯಲ್ಲಿ, 837ರಲ್ಲಿ ಪೂರ್ಣಗೊಳಿಸಿದರು. ಕಾಲಾಂತರದಲ್ಲಿ ಈ ಸಿದ್ಧಾಂತಗ್ರಂಥಗಳ ಹಳಗನ್ನಡ ಲಿಪಿಯ ತಾಳೆಯೋಲೆ ಪ್ರತಿಗಳು ಮೂಡಬಿದಿರೆಯಲ್ಲಿ ಮಾತ್ರ ಉಳಿದವು. 12ನೆಯ ಶತಮಾನದ ಆರಂಭದವೆನ್ನಲಾದ ಆ ಓಲೆಗಳಲ್ಲಿ ಕೆಲವು ವರ್ಣಚಿತ್ರಗಳಿಂದ ಕೂಡಿವೆ.

ಈ ಗ್ರಂಥಗಳಿಂದಾಗಿ ಅಲ್ಲಿಯ ಗುರುಬಸದಿಗೆ ಸಿದ್ಧಾಂತಬಸದಿಯೆಂಬ ಹೆಸರು ಬಂದಿತು. ಶತಮಾನಗಳವರೆಗೆ ಯಾತ್ರಿಕರಿಗೆ ಅವುಗಳ ದರ್ಶನ ಮಾತ್ರ ದೊರೆಯುತ್ತಿತ್ತು. ರತ್ನಬಿಂಬಗಳನ್ನು ನೋಡಿ ಕೈಮುಗಿದಂತೆಯೇ ಓಲೆಯ ಕಟ್ಟುಗಳನ್ನೂ ನೋಡಿ ಕೈಮುಗಿದು ಹೊರಡುತ್ತಿದ್ದರು. ಓದುವವರಿರಲಿಲ್ಲ, ಓದಬಲ್ಲವರೂ ಕ್ರಮೇಣ ಇಲ್ಲವಾದರು. ಕಾಯ್ದವರ ಭಕ್ತಿಯನ್ನು ಯಾರೂ ಸಂಶಯಿಸುವಂತಿಲ್ಲ. ಅವರು ಕಾಯದಿದ್ದರೆ ಇಂದು ಆ ಗ್ರಂಥಗಳೇ ಇರುತ್ತಿರಲಿಲ್ಲ. ಆದರೂ ಶ್ರುತವು ಪ್ರದರ್ಶನದ ವಸ್ತುವಾಗಿ ಪರಿಣಮಿಸಿತ್ತು. ಗೆದ್ದಲು, ಹುಳು, ತೇವಗಳಿಗೆ ಪೂಜೆ ಯಾವುದು ಉಪೇಕ್ಷೆ ಯಾವುದು ಎಂಬ ಭೇದ ತಿಳಿಯದು.

1883ರಲ್ಲಿ ಮುಂಬಯಿಯ ಶೇಠ್ ಮಾಣಿಕಚಂದರು ಯಾತ್ರೆಯಲ್ಲಿ ಮೂಡಬಿದಿರೆಗೆ ಬಂದು ಆ ಪ್ರತಿಗಳ ದರ್ಶನ ಮಾಡಿದರು. ಅವುಗಳ ಜೀರ್ಣಸ್ಥಿತಿ ಅವರನ್ನು ಚಿಂತೆಗೀಡುಮಾಡಿತು. ಅವರೂ ಸೊಲ್ಲಾಪುರದ ಶೇಠ್ ಹಿರಾಚಂದ ನೇಮಚಂದರೂ ಯತ್ನಿಸಿದುದರ ಫಲವಾಗಿ 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಶಾಸ್ತ್ರಿಗಳೂ ವರ್ಷಗಟ್ಟಲೆ ಕುಳಿತು ಬರೆದರು. ಮಾಡಿದ ಪ್ರತಿಗಳೂ ಮೂಡಬಿದಿರೆಯಲ್ಲಿಯೇ ಇರಬೇಕೆಂಬ ಕಟ್ಟಳೆಯಿತ್ತು. ಗಜಪತಿ ಶಾಸ್ತ್ರಿಗಳು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅದು ಸಹಾರನಪುರವನ್ನು ಸೇರಿ, ಅಲ್ಲಿಂದ ನಾಗರಿಗೆ ಲಿಪ್ಯಂತರಗೊಂಡು ಹರಡಿತು. ಕೊನೆಗೆ 1939ರಲ್ಲಿ ಪ್ರೊ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಅಮರಾವತಿಯಿಂದ ಪ್ರಕಟವಾಯಿತು. 1958ರ ಹೊತ್ತಿಗೆ 16 ಸಂಪುಟಗಳೂ ಹೊರಬಂದವು.

ಗುಟ್ಟಾಗಿ ಪ್ರತಿ ಮಾಡಿದುದು ಕೊಟ್ಟ ಮಾತಿಗೆ ತಪ್ಪಿದಂತಾಯಿತೆಂಬುದು ನಿಜ. ಸತ್ಯ, ಅಸ್ತೇಯಗಳನ್ನು ನಂಬುವವರು ಅದನ್ನು ಹಗುರವಾಗಿ ಕಾಣಲಾರರು. ಮುಚ್ಚಿಟ್ಟವರ ಉದ್ದೇಶ ಒಳ್ಳೆಯದಿತ್ತು, ಆದರೆ ಫಲ ಅಪಾಯಕರವಾಗಿತ್ತು. ತೆರೆದವರ ಮಾರ್ಗದಲ್ಲಿ ದೋಷವಿತ್ತು, ಆದರೆ ಫಲ ಲೋಕೋಪಕಾರಿಯಾಯಿತು. ಈ ತೊಡಕನ್ನು ಬಿಡಿಸುವ ಸುಲಭಸೂತ್ರವಿಲ್ಲ. ಒಂದು ಮಾತನ್ನು ಮಾತ್ರ ನಿಶ್ಚಿತವಾಗಿ ಹೇಳಬಹುದು. ಕಾಯುವವರೇ ಕಾಲಕ್ಕೆ ಸರಿಯಾಗಿ ಮುಚ್ಚಳ ತೆರೆದಿದ್ದರೆ ಗುಟ್ಟಿನ ಅಗತ್ಯವೇ ಬೀಳುತ್ತಿರಲಿಲ್ಲ. ಒಂಬೈನೂರು ವರ್ಷಗಳ ಮೊದಲೇ ಅತ್ತಿಮಬ್ಬೆ ಹಗಲು ಬೆಳಕಿನಲ್ಲಿ, ದಾನದ ರೂಪದಲ್ಲಿ, ಅದೇ ಕಾರ್ಯವನ್ನು ಮಾಡಿ ತೋರಿದ್ದಳು.

ಇಂದಿನ ಮನೆಯಲ್ಲಿ

ಶಾಸ್ತ್ರಗಳಲ್ಲಿ ಹೇಳುವ ಬಾಹ್ಯಪರಿಗ್ರಹಗಳ ಪಟ್ಟಿಯಲ್ಲಿ ಹೊಲ, ಮನೆ, ಧನ, ಧಾನ್ಯಗಳ ಜೊತೆಗೆ ಕುಪ್ಯ ಮತ್ತು ಭಾಂಡಗಳೂ ಇವೆ. ಕುಪ್ಯವೆಂದರೆ ವಸ್ತ್ರಾದಿಗಳು, ಭಾಂಡವೆಂದರೆ ಪಾತ್ರೆ ಪರಿಕರಗಳು. ಎಂದರೆ ಒಳಗಿರುವ ವಸ್ತುವಿನಂತೆ ಅದನ್ನು ಹಿಡಿದ ಪಾತ್ರೆಯೂ ಲೆಕ್ಕಕ್ಕೆ ಬರುತ್ತದೆ. ಹೊನ್ನಿಗೆ ಮಿತಿಯನ್ನಿಟ್ಟು, ಹೊನ್ನಿನ ಪೆಟ್ಟಿಗೆಗೆ ಮಿತಿಯಿಲ್ಲವೆನ್ನಲು ಬಾರದು. ಅದೇ ವೇಳೆ ತತ್ತ್ವಾರ್ಥಸೂತ್ರವು ಪರಿಗ್ರಹದ ಮೂಲವನ್ನು ವಸ್ತುವಿನಲ್ಲಿ ಕಾಣದೆ, ವಸ್ತುವಿನ ಮೇಲಿನ ಮೂರ್ಛೆಯಲ್ಲಿ, ಅಂದರೆ ಮೈಮರೆಸುವ ಮಮತೆಯಲ್ಲಿ ಕಾಣುತ್ತದೆ. ಅಲಂಕೃತವಾದ ಪೆಟ್ಟಿಗೆ ಮನೆಯಲ್ಲಿರುವುದು ತಪ್ಪಲ್ಲ; ಅದರ ಮುಂದೆ ಮನಸ್ಸು ಎಚ್ಚರ ತಪ್ಪುವುದು ತಪ್ಪು.

ಇಂದು ಗೋಡೆಯ ಗೂಡುಗಳ ಸ್ಥಾನವನ್ನು ಗಾಜಿನ ಷೋಕೇಸು ಆಕ್ರಮಿಸಿದೆ. ಹಬ್ಬಕ್ಕೆ, ಮದುವೆಗೆ, ಗೃಹಪ್ರವೇಶಕ್ಕೆ ಬಂದ ಡಬ್ಬಿಗಳು ಅಲ್ಲಿ ಸಾಲುಗಟ್ಟುತ್ತವೆ. ಅನೇಕ ವೇಳೆ ಸಾಮಾನುಗಳನ್ನಿಡಲು ಡಬ್ಬಿ ತರುವ ಕ್ರಮ ತಿರುವುಮುರುವಾಗಿ, ಡಬ್ಬಿಯಿದೆಯೆಂದು ಅದನ್ನು ತುಂಬಲು ಸಾಮಾನು ಹುಡುಕುವಂತಾಗಿದೆ. ಪೆಟ್ಟಿಗೆಗಳು ಹೆಚ್ಚಿದರೆ ಮನೆ ಒಪ್ಪವಾಗುತ್ತದೆಂಬ ನಂಬಿಕೆಯಲ್ಲಿ ಅರ್ಧ ಸತ್ಯ ಮಾತ್ರವಿದೆ. ಬೇಡವಾದುದನ್ನು ಅಂದವಾದ ಮುಚ್ಚಳದ ಕೆಳಗೆ ಮರೆಮಾಡಿದರೆ ಅದು ಕಣ್ಣಿಗೆ ಬೀಳುವುದಿಲ್ಲ. ಆದರೆ ಮನೆಯೊಳಗೆ ಇದ್ದೇ ಇರುತ್ತದೆ.

ಇದಕ್ಕೆ ಪರಿಹಾರವನ್ನು ಹೊರಗಿನಿಂದ ತರಬೇಕಾಗಿಲ್ಲ. ಜ್ಯೇಷ್ಠ ಶುಕ್ಲ ಪಂಚಮಿಯಂದು ಶ್ರುತಪಂಚಮಿಯ ಪರ್ವ ಬರುತ್ತದೆ. ಷಟ್ಖಂಡಾಗಮವು ಲಿಪಿಬದ್ಧವಾಗಿ ಪೂಜೆಗೊಂಡ ದಿನವೆಂದು ಅದರ ಆಚರಣೆ. ಅಂದು ಶಾಸ್ತ್ರಗಳನ್ನು ಪೆಟ್ಟಿಗೆಗಳಿಂದ ಹೊರತೆಗೆದು, ಧೂಳು ಒರೆಸಿ, ಬಿಸಿಲು ಗಾಳಿ ತೋರಿಸಿ, ಹೊಸ ವಸ್ತ್ರದಲ್ಲಿ ಕಟ್ಟಿ, ಓದಿ, ಮತ್ತೆ ಇರಿಸುವ ಪದ್ಧತಿಯಿದೆ. ಬಸದಿಯ ಶಾಸ್ತ್ರಭಂಡಾರಕ್ಕೆ ವಿಧಿಸಿದ ಈ ಕ್ರಮವನ್ನು ಮನೆಯ ಪೆಟ್ಟಿಗೆಗಳಿಗೂ ಅನ್ವಯಿಸಬಹುದು. ವರ್ಷಕ್ಕೊಮ್ಮೆ ಎಲ್ಲ ಮುಚ್ಚಳಗಳನ್ನೂ ತೆರೆಯಬೇಕು. ಒಳಗಿರುವುದು ಕಳೆದ ವರ್ಷ ಯಾರಿಗಾದರೂ ಉಪಯೋಗಕ್ಕೆ ಬಂದಿತೇ ಎಂದು ಕೇಳಬೇಕು. ಬಾರದಿದ್ದುದು ಬೇಕಾದವರ ಮನೆಯನ್ನು ಸೇರಬೇಕು. ಖಾಲಿಯಾದ ಪೆಟ್ಟಿಗೆಗೆ ಒಂದು ಉಪಯೋಗವನ್ನು ಗೊತ್ತುಪಡಿಸಬೇಕು. ಬಿದರಿಯ ಡಬ್ಬಿಯಲ್ಲಿ ಬಸದಿಗೆ ಒಯ್ಯುವ ಅಕ್ಷತೆಯಿದ್ದರೆ ಅದರ ಬೆಳ್ಳಿಯ ಬಳ್ಳಿಗೂ ಒಂದು ಸಾರ್ಥಕ್ಯವಿದೆ. ಹೊಸತೊಂದನ್ನು ಕೊಳ್ಳುವ ಮುನ್ನ ಅದು ಯಾವುದರಿಂದ ಆಗಿದೆಯೆಂದು ವಿಚಾರಿಸಬೇಕು.

ಸಮಂತಭದ್ರರು ತಮ್ಮ ಕರಂಡಕಕ್ಕೆ ಬೀಗ ಹಾಕಲಿಲ್ಲ. ಅದರ ರತ್ನಗಳನ್ನು ಯಾರು ಎಷ್ಟು ಸಲ ತೆಗೆದುಕೊಂಡರೂ ಅವು ಕಡಿಮೆಯಾಗುವುದಿಲ್ಲ. ಮಾನ್ಯಖೇಟದ ಭಂಡಾರಕ್ಕೆ ಕಾವಲಿತ್ತು, ಅದು ಬರಿದಾಯಿತು. ಈ ಕರಂಡಕಕ್ಕೆ ಕಾವಲಿಲ್ಲ, ಇದು ಇನ್ನೂ ತುಂಬಿದೆ. ಮನೆಯಲ್ಲಿರುವ ಪೆಟ್ಟಿಗೆಗಳು ಎಷ್ಟು, ಅವು ಎಷ್ಟು ಅಂದವಾಗಿವೆ ಎಂಬ ಲೆಕ್ಕಕ್ಕಿಂತ, ಅವು ಎಷ್ಟು ಸಲ ಇನ್ನೊಬ್ಬರಿಗಾಗಿ ತೆರೆದವು ಎಂಬ ಲೆಕ್ಕವೇ ಶ್ರಾವಕ-ಶ್ರಾವಿಕೆಯರಿಗೆ ಶ್ರೇಯಸ್ಕರವಾದುದು.